ಹೇಂಟೆ ಬುಟ್ಟಿಗೆ ಹೋಗಿ ಬರ್ತಿದೆ, ಮೊಟ್ಟೆ ಮಾತ್ರ ಬರ್ತಿಲ್ಲ. ಏನು ಮಾಡಲಿ?

ಹಿತ್ತಲಗಿಡ (ತೀರ್ಥಹಳ್ಳಿ ಕಡೆ)

ನಮ್ಮಲ್ಲಿರುವುದು ನಾಲ್ಕು ನಾಟಿ ಹೇಂಟೆ, ಎರಡು ಸ್ವರ್ಣಧಾರ ತಳಿಯ ಹೇಂಟೆ, ಒಂದು ಹುಂಜ. ಸ್ವರ್ಣಧಾರದಲ್ಲಿ ಒಂದರ ವಿಷಯ ಬರೀತಿದ್ದೇನೆ. ಹೋದ ದೀಪಾವಳಿ ಹೊತ್ತಿಗೆ ಮೊಟ್ಟೆ ಇಡಲು ಶುರು ಮಾಡಿತ್ತು, ಇಲ್ಲೀವರೆಗೆ ಹೆಚ್ಚುಕಮ್ಮಿ ದಿನ ಬಿಟ್ಟು ದಿನ ಇಡ್ತಾ ಬಂದಿದೆ. ನಿನ್ನೆ ಬೆಳಗ್ಗಿನಿಂದ ಬುಟ್ಟಿಗೆ ಹೋಗಿ ಕೂರುತ್ತೆ, ಸ್ವಲ್ಪ ಹೊತ್ತಿಗೆ ಎದ್ದು ಬರುತ್ತೆ, ಮತ್ತೆ ಹೋಗುತ್ತೆ. ಬುಟ್ಟಿಯಲ್ಲಿ ನೋಡಿದರೆ ಏನೂ ಇಲ್ಲ. ಇವತ್ತು ಮೈ ನೆಟ್ಟಗೆ ಮಾಡಿ, ಬಾಲ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿಕೊಂಡು ಸೌದೆ ಕೊಟ್ಟಿಗೆ ಮೂಲೆಯಲ್ಲಿ ನಿಂತಿದೆ. ಕಾಳು ಹಾಕಿದರೆ ತಿರುಗಿಯೂ ನೋಡಲ್ಲ.

ಅತ್ತೆ ಹರಳೆಣ್ಣೆ ಕುಡಿಸು ಅಂತಾರೆ. ಪಕ್ಕದ ಮನೆಯವರು ಹೊಟ್ಟೆ ಒತ್ತಿ ತೆಗೆದುಕೊಡ್ತೀನಿ ಅಂತ ಕೈ ತೊಳೆದುಕೊಂಡು ಬಂದಿದ್ದಾರೆ. ಯಾರ ಮಾತು ಕೇಳಲಿ? ಮಳೆ ಬಿಟ್ಟೇ ಇಲ್ಲ, ರಸ್ತೆಗೆ ಮರ ಬಿದ್ದಿದೆ. ಪೇಟೆಗೆ ಹೋಗುವುದಿದ್ದರೂ ನಾಳೆಯೇ.

ಸೋಮಾರಿ ರೈತ (ಮಂಡ್ಯ)

ಭಾನುವಾರ ಬತ್ತಾ ಐತೆ, ಮುದ್ದೆಗೆ ನೀರಿಡಿ. ಅದೇ ಚಿಕಿತ್ಸೆ.

ಕಡಲತಡಿ (ಉಳ್ಳಾಲ)

ಹುಷಾರಿಲ್ಲದ ಕೋಳಿಯ ಸಾರು ನೀವೇ ಉಣ್ಣಿ ಮಾರಾಯ್ರೆ, ನಮಗೆ ಬೇಡ.

ಹಿತ್ತಲಗಿಡ ಅಕ್ಕ, ಮೊದಲು ಅದನ್ನು ಉಳಿದವುಗಳಿಂದ ಬೇರೆ ಮಾಡಿ. ಈ ಸ್ಥಿತಿಯಲ್ಲಿ ಹುಂಜ ಮೇಲೆ ಹತ್ತಿದರೆ ಕಥೆ ಮುಗೀತು. ನಮ್ಮಲ್ಲಿ ಬಿಸಿನೀರಲ್ಲಿ ಕೂರಿಸುವ ಕ್ರಮ ಉಂಟು. ಹೊಟ್ಟೆ ಒತ್ತುವುದು ಬೇಡವೇ ಬೇಡ. ಹೆಬ್ಬಾಳದ ಸರ್ ಇದನ್ನು ನೋಡಿದರೆ ಸರಿಯಾಗಿ ಹೇಳ್ತಾರೆ, ಅವರನ್ನು ಕರೆದಿದ್ದೇನೆ.

ಹೆಬ್ಬಾಳದ ಹಳಬ (ನಿವೃತ್ತ ಪಶುವೈದ್ಯ)

ಒತ್ತುವವರನ್ನು ಮೊದಲು ಮನೆಗೆ ಕಳಿಸಿಕೊಡಿ ತಾಯಿ. ಒಳಗೆ ನಿಜಕ್ಕೂ ಮೊಟ್ಟೆ ಇದ್ದು ಅದು ಒಡೆದರೆ ಚಿಪ್ಪಿನ ಚೂರು ಮೊಟ್ಟೆನಾಳವನ್ನು ಸೀಳುತ್ತೆ, ಭಂಡಾರ (ಮೊಟ್ಟೆಯ ಹಳದಿ) ಒಳಗೇ ಕೊಳೆತು ನಂಜಾಗುತ್ತೆ. ಆಮೇಲೆ ಉಳಿಸಿಕೊಳ್ಳುವುದು ಕಷ್ಟ.

ಹರಳೆಣ್ಣೆಯೂ ಬೇಡ. ಬಾಯಿಂದ ಹೋದದ್ದು ಕರುಳಿಗೆ ಹೋಗುತ್ತೆ, ಮೊಟ್ಟೆ ಇರುವುದು ಬೇರೆಯೇ ಕೊಳವೆಯಲ್ಲಿ. ಎರಡೂ ಸೇರುವುದು ಹಿಂಬದಿ ದ್ವಾರದ ಬಳಿ ಮಾತ್ರ. ಎಣ್ಣೆ ಕುಡಿಸಿದರೆ ಭೇದಿಯಾಗಿ ಮೈಯ ನೀರು ಹೋಗುತ್ತೆ, ಮೊಟ್ಟೆ ಇದ್ದಲ್ಲೇ ಇರುತ್ತೆ.

ಇನ್ನೊಂದು ಮಾತು. ಹೇಂಟೆ ಬುಟ್ಟಿಗೆ ಹೋಗಿ ಬಂದ ಮಾತ್ರಕ್ಕೆ ಮೊಟ್ಟೆ ಸಿಕ್ಕಿಕೊಂಡಿದೆ ಅಂತ ತೀರ್ಮಾನಿಸಬೇಡಿ. ನಾನು ಸರ್ವಿಸಿನಲ್ಲಿದ್ದಾಗ 'ಮೊಟ್ಟೆ ಸಿಕ್ಕೊಂಡೈತೆ ಡಾಕ್ಟ್ರೇ' ಅಂತ ಬುಟ್ಟಿಯಲ್ಲಿ ತಂದ ಕೋಳಿಗಳಲ್ಲಿ ನಿಜವಾಗಿ ಸಿಕ್ಕಿಕೊಂಡಿದ್ದು ಕಡಿಮೆ. ಕಾವಿಗೆ ಬಂದದ್ದು, ಪುಕ್ಕ ಉದುರಿಸುವ ಕಾಲದ್ದು, ಕತ್ತಿನ ಬುಡದ ಮೇವಿನ ಚೀಲ ಗಟ್ಟಿಯಾದದ್ದು, ಹೊಟ್ಟೆಯಲ್ಲಿ ನೀರು ತುಂಬಿದ್ದು, ಎಲ್ಲಕ್ಕೂ ಜನ ಇದೇ ಹೆಸರು ಇಡ್ತಾರೆ. ಕಾವಿಗೆ ಬಂದ ಹೇಂಟೆ ಬುಟ್ಟಿ ಬಿಟ್ಟು ಏಳುವುದಿಲ್ಲ, ಕೈ ಹಾಕಿದರೆ ಮೈ ಉಬ್ಬಿಸಿ ಕುಕ್ಕುತ್ತೆ, ಕಣ್ಣು ಚುರುಕಾಗಿರುತ್ತೆ, ದಿನಕ್ಕೊಮ್ಮೆ ಎದ್ದು ದೊಡ್ಡದೊಂದು ನಾತದ ಹಿಕ್ಕೆ ಹಾಕಿ ತಿಂದು ಮತ್ತೆ ಕೂರುತ್ತೆ. ಪುಕ್ಕ ಉದುರಿಸುವಾಗ ಜುಟ್ಟು ಬಿಳಚಿಕೊಂಡು ಮೊಟ್ಟೆ ನಿಲ್ಲುತ್ತೆ, ಆದರೆ ಕೋಳಿ ಓಡಾಡಿಕೊಂಡೇ ಇರುತ್ತೆ. ನೀವು ಹೇಳಿದ ಹಾಗೆ ನೆಟ್ಟಗೆ ನಿಂತು ಬಾಲ ಇಳಿಬಿಡುವುದು ಬೇರೆ. ಅದಕ್ಕೆ ನನಗೂ ಅನುಮಾನ ಇದೆ, ಆದರೂ ಇಷ್ಟು ನೋಡಿ ಹೇಳಿ:

ಹಿಕ್ಕೆ ಹಾಕುತ್ತಿದೆಯಾ, ಹಾಕಿದರೆ ಹೇಗಿದೆ? ಬೆಳಗ್ಗೆ ಮೇವಿನ ಚೀಲ ಖಾಲಿ ಇತ್ತಾ? ಕುಂಟುತ್ತಿದೆಯಾ? ದ್ವಾರದಿಂದ ಏನಾದರೂ ಕೆಂಪಗೆ ಹೊರಗೆ ಕಾಣುತ್ತಿದೆಯಾ? ಎದೆಮೂಳೆಯ ತುದಿಗೂ ಹಿಂದಿನ ಎರಡು ಸಣ್ಣ ಮೂಳೆಗಳಿಗೂ ನಡುವೆ ಬೆರಳು ಮೆಲ್ಲಗೆ ಇಟ್ಟರೆ ಗಟ್ಟಿಯಾಗಿ ತಗಲುತ್ತಾ, ನೀರಿನ ಚೀಲದ ಹಾಗಿದೆಯಾ? ಮೇವು ಏನು ಹಾಕ್ತಿದ್ದೀರಿ? ಬೇರೆ ಕೋಳಿಗಳು ಹೇಗಿವೆ?

ಇಷ್ಟು ಕೇಳುವುದಕ್ಕೆ ಕಾರಣ ಇದೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ. ಭಂಡಾರ ಅಂಡಾಶಯದಿಂದ ಬಿದ್ದ ಮೇಲೆ ಬಿಳಿಭಾಗ ಸುತ್ತಿಕೊಳ್ಳಲು ಸುಮಾರು 3 ಗಂಟೆ, ಒಳಪೊರೆಗೆ ಒಂದು ಗಂಟೆಗಿಂತ ತುಸು ಹೆಚ್ಚು, ಚಿಪ್ಪಿಗೆ ಮಾತ್ರ ಸುಮಾರು 20 ಗಂಟೆ. ಹೊರಗೆ ಬರುವುದು ಕೆಲವೇ ನಿಮಿಷದ ಕೆಲಸ. ಒಂದು ದಿನ ತಡವಾದರೆ ಗಾಬರಿ ಇಲ್ಲ. ಆದರೆ ತಿಣುಕುತ್ತಾ, ತಿನ್ನದೆ, ಒಂದು ದಿನ ದಾಟಿ ಎರಡನೇ ದಿನಕ್ಕೆ ಬಂತು ಅಂದರೆ ಕಾಯುವ ಹಾಗಿಲ್ಲ. ಕರುಳಿನ ದಾರಿಯೂ ಒತ್ತಿಹೋಗುತ್ತೆ, ಕಾಲಿನ ನರ, ಮೂತ್ರಪಿಂಡ ಎಲ್ಲದರ ಮೇಲೂ ಭಾರ ಬೀಳುತ್ತೆ.

ಹಿತ್ತಲಗಿಡ

ಸರ್, ಧನ್ಯವಾದ. ನೋಡಿದೆ. ಹಿಕ್ಕೆ ಇಲ್ಲ, ಬಿಳಿ ನೀರು ಮಾತ್ರ, ಅದೂ ತಿಣುಕಿದಾಗ ಒಂಚೂರು. ಚೀಲ ಖಾಲಿ. ಎಡಗಾಲು ಸ್ವಲ್ಪ ಎಳೀತಿದೆ. ಹೊರಗೆ ಏನೂ ಬಂದಿಲ್ಲ. ಹೊಟ್ಟೆ ಕೆಳಗೆ ಬೆರಳಿಟ್ಟರೆ ಉಂಡೆ ಇದ್ದಂತೆ ತಗಲುತ್ತೆ, ಆದರೆ ಗಟ್ಟಿ ಮೊಟ್ಟೆ ಥರ ಅಲ್ಲ, ಸ್ವಲ್ಪ ಒಳಗೆ ಹೋಗುತ್ತೆ. ಬೇರೆ ಕೋಳಿಗಳು ಚೆನ್ನಾಗಿವೆ.

ಮೇವು: ಅಕ್ಕಿ ನುಚ್ಚು, ರಾಗಿ, ಮನೆಯ ಮುಸುರೆ ಅನ್ನ, ಜೊತೆಗೆ ಅಂಗಡಿಯಿಂದ ತಂದ ಬ್ರಾಯ್ಲರ್ ಫೀಡ್. ಮೊಟ್ಟೆಕೋಳಿ ಫೀಡ್ ಇಲ್ಲಿ ಸಣ್ಣ ಚೀಲದಲ್ಲಿ ಸಿಗಲ್ಲ. ಬೇಸಿಗೆಯಲ್ಲಿ ತೋಟದಲ್ಲಿ ಬಿಡ್ತಿದ್ದೆವು. ಮಳೆ ಹಿಡಿದ ಮೇಲೆ ಗೂಡಲ್ಲೇ ಇವೆ, ಬಿಸಿಲು ಕಂಡು ಬಹಳ ಕಾಲ ಆಯ್ತು.

ಮೂರು ಹುಂಜ (ಚನ್ನರಾಯಪಟ್ಟಣ)

ಅಕ್ಕ, ಹಸು ಹಾಲು ಇಳಿಸಲಿ ಅಂತ ಚುಚ್ತಾರಲ್ಲ, ಆ ಇಂಜೆಕ್ಷನ್ ಅರ್ಧ ಎಂಎಲ್ ಕೊಟ್ರೆ ಪಟ್ ಅಂತ ಮೊಟ್ಟೆ ಬೀಳ್ತದೆ. ನಮ್ಮೂರಲ್ಲಿ ಒಬ್ಬರು ಮಾಡಿದ್ದು ನೋಡಿದೀನಿ.

ಹೆಬ್ಬಾಳದ ಹಳಬ

ಆಕ್ಸಿಟೋಸಿನ್ ವಿಷಯ ಬಂತು, ಇಲ್ಲೇ ನಿಲ್ಲಿಸೋಣ. ಹಸುವಿಗೆ ಆ ರೀತಿ ಚುಚ್ಚುವುದೇ ತಪ್ಪು, ಕೋಳಿಗಂತೂ ದೂರದ ಮಾತು. ಹಕ್ಕಿಯ ಮೈಯಲ್ಲಿ ಮೊಟ್ಟೆ ತಳ್ಳುವ ಸ್ವಂತ ಹಾರ್ಮೋನೇ ಬೇರೆ, ಆರ್ಜಿನೈನ್ ವ್ಯಾಸೊಟೋಸಿನ್ ಅಂತ. ಆಕ್ಸಿಟೋಸಿನ್ನನ್ನು ವೈದ್ಯರು ಕೆಲವೊಮ್ಮೆ ಕೊಡ್ತಾರೆ ನಿಜ. ಆದರೆ ಮೊದಲು ಕ್ಯಾಲ್ಸಿಯಂ ಕೊಟ್ಟು, ಮೊಟ್ಟೆ ಅಂಟಿಕೊಂಡಿಲ್ಲ, ಅಡ್ಡ ಸಿಕ್ಕಿಲ್ಲ, ದಾರಿ ಬಿಟ್ಟಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ. ಬಾಗಿಲು ಮುಚ್ಚಿರುವಾಗ ಹಿಂದಿನಿಂದ ತಳ್ಳಿದರೆ ಗೋಡೆ ಒಡೆಯುತ್ತೆ, ಇಲ್ಲಿ ಒಡೆಯುವುದು ಮೊಟ್ಟೆಚೀಲ.

ಹಿತ್ತಲಗಿಡ ಅವರೇ, ನೀವು ಹೇಳಿದ್ದೆಲ್ಲ ಕೂಡಿಸಿದರೆ ನನಗೆ ಕಾಣುವುದು ಮೆತ್ತನೆ ಚಿಪ್ಪಿನ ಮೊಟ್ಟೆ, ಅಥವಾ ಚಿಪ್ಪೇ ಇಲ್ಲದ್ದು, ಒಳಗೆ ನಿಂತಿದೆ. ಗಟ್ಟಿ ಮೊಟ್ಟೆಗಿಂತ ಇದೇ ಸತಾಯಿಸುವುದು ಜಾಸ್ತಿ. ನಾಳದ ಸ್ನಾಯು ಹಿಡಿದು ತಳ್ಳಲು ಗಟ್ಟಿಯಾದ ವಸ್ತು ಬೇಕು, ಮೆತ್ತಗಿದ್ದರೆ ಹಿಡಿತ ಸಿಗಲ್ಲ. ಸಾಲದ್ದಕ್ಕೆ ಆ ಸ್ನಾಯು ಬಿಗಿಯಲಿಕ್ಕೂ ಕ್ಯಾಲ್ಸಿಯಂ ಬೇಕು, ಅದೇ ಕೊರತೆ ಇರುವುದು.

ಈಗ ಮಾಡಬೇಕಾದದ್ದು. ಮನುಷ್ಯರಿಗೆ ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಇರುವ ಮಾತ್ರೆ ಮನೆಯಲ್ಲಿ ಯಾರಾದರೂ ತಗೊಳ್ತಿರಬಹುದು, ಹುಡುಕಿ. ಒಂದು ಮಾತ್ರೆ ತುಂಡು ಮಾಡಿ, ಕೊಕ್ಕು ಬಿಡಿಸಿ, ನಾಲಿಗೆಯ ಹಿಂದೆ ಇಟ್ಟರೆ ನುಂಗುತ್ತೆ. ಪುಡಿ ಮಾಡಿ ನೀರಲ್ಲಿ ಕಲಸಿ ಸುರಿಯಬೇಡಿ. ಕೋಳಿಯ ಉಸಿರುದ್ವಾರ ನಾಲಿಗೆಯ ಬುಡದಲ್ಲೇ ತೆರೆದಿರುತ್ತೆ, ಸುರಿದದ್ದು ನೇರ ಶ್ವಾಸಕೋಶಕ್ಕೆ. ನೀರು ಕೊಡುವುದಿದ್ದರೆ ಸ್ವಲ್ಪ ಸಕ್ಕರೆ ಬೆರೆಸಿ ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಮುಟ್ಟಿಸಿ, ಅದೇ ನೆಕ್ಕಿಕೊಳ್ಳಲಿ.

ಆಮೇಲೆ ಬಿಸಿನೀರು. ಅಗಲದ ಟಬ್ಬಿನಲ್ಲಿ ಹೊಟ್ಟೆ ಮುಳುಗುವಷ್ಟು, 38ರಿಂದ 40 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ, ಹಿತವಾಗಿರಬೇಕು. ಅಜ್ಜಿಯರು ಕೂಸಿಗೆ ಹೊಯ್ಯುವ ಬಿಸಿ ಅಲ್ಲ! 15-20 ನಿಮಿಷ ಕೂರಿಸಿ. ಹೆಚ್ಚಿನ ಕೋಳಿಗಳು ಮೊದಲು ಒದ್ದಾಡಿ ಆಮೇಲೆ ತೂಕಡಿಸ್ತವೆ. ತೆಗೆದ ಮೇಲೆ ಚೆನ್ನಾಗಿ ಒರೆಸಿ ಪೂರ್ತಿ ಒಣಗಿಸಿ. ನಿಮ್ಮ ಕಡೆಯ ಈ ಥಂಡಿಯಲ್ಲಿ ಒದ್ದೆ ಕೋಳಿಯನ್ನು ಹಾಗೇ ಬಿಟ್ಟರೆ ಮೊಟ್ಟೆಗಿಂತ ಚಳಿಯೇ ಅದನ್ನು ತಗೊಂಡು ಹೋಗುತ್ತೆ. ಬಚ್ಚಲೊಲೆಯ ಹತ್ತಿರ ಇಡಬಹುದು, ಹೊಗೆ ತಾಗದ ಕಡೆ. ದ್ವಾರದ ಅಂಚಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಕತ್ತಲಿರುವ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಹಾಸಿ ಕೂರಿಸಿ, ಒಂದು ಗಂಟೆ ಯಾರೂ ಹೋಗಿ ಇಣುಕಬೇಡಿ. ಇಣುಕುವುದೇ ನಮ್ಮ ಜನಕ್ಕೆ ದೊಡ್ಡ ಚಟ.

ಬರದಿದ್ದರೆ ಸಂಜೆ ಇನ್ನೊಮ್ಮೆ ಕೂರಿಸಿ. ಬೆಳಗ್ಗೆಯೂ ಹಾಗೇ ಇದ್ದರೆ ಮನೆ ಮದ್ದು ಸಾಕು, 1962ಕ್ಕೆ ಕರೆ ಮಾಡಿ ಪಶು ಸಂಜೀವಿನಿ ವಾಹನ ಬರುತ್ತಾ ಕೇಳಿ, ಇಲ್ಲವಾದರೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಕ್ಯಾಲ್ಸಿಯಂ ಚುಚ್ಚುಮದ್ದು ಕೊಡಬಹುದು. ಗಟ್ಟಿ ಮೊಟ್ಟೆ ದ್ವಾರದ ಹತ್ತಿರವೇ ಸಿಕ್ಕಿದ್ದರೆ ಸೂಜಿಯಿಂದ ಒಳಗಿನ ದ್ರವ ಎಳೆದು, ಚಿಪ್ಪನ್ನು ಕುಗ್ಗಿಸಿ ಹುಷಾರಾಗಿ ತೆಗೀತಾರೆ. ಅದು ಅಭ್ಯಾಸ ಇದ್ದವರ ಕೆಲಸ.

ಕಡಲತಡಿ

ಸರ್, ಒಳಗೆ ಬೆರಳು ಹಾಕಿ ನೋಡುವುದು ಮನೆಯಲ್ಲಿ ಮಾಡಬಹುದಾ? ವಿಡಿಯೋಗಳಲ್ಲಿ ಎಲ್ಲರೂ ಮಾಡ್ತಾರೆ.

ಹೆಬ್ಬಾಳದ ಹಳಬ

ಉಗುರು ಕತ್ತರಿಸಿ, ಕೈಗವಸು ಹಾಕಿ, ಜಾರುವ ಹಾಗೆ ಎಣ್ಣೆ ಹಚ್ಚಿ, ಕಿರುಬೆರಳಲ್ಲಿ ಮೆಲ್ಲಗೆ ನೋಡಬಹುದು. ಮೊಟ್ಟೆನಾಳ ತೆರೆದುಕೊಳ್ಳುವುದು ಕೋಳಿಯ ಎಡಗಡೆಗೆ, ಯಾಕೆಂದರೆ ಹೇಂಟೆಯಲ್ಲಿ ಕೆಲಸ ಮಾಡುವುದು ಎಡ ಅಂಡಾಶಯ ಒಂದೇ. ಆದರೆ ತಗಲಿದ ಮೊಟ್ಟೆಯನ್ನು ಎಳೆಯುವ ಆಸೆ ಬಂದೇ ಬರುತ್ತೆ, ಅದಕ್ಕೇ ಮನೆಯಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೊರಗಿನಿಂದ ತಡವಿ ನೋಡಿದರೆ ಬೇಕಾದಷ್ಟು ಗೊತ್ತಾಗುತ್ತೆ.

ಹಿತ್ತಲಗಿಡ

ಸಂಜೆಯದ್ದೂ ಆಯ್ತು. ಮಾತ್ರೆ ಅತ್ತೆಯ ಡಬ್ಬಿಯಲ್ಲೇ ಸಿಕ್ಕಿತು. ನೀರಲ್ಲಿ ಕೂತು ನಿಜಕ್ಕೂ ತೂಕಡಿಸಿತು, ಮಕ್ಕಳಿಗೆ ನಗುವೋ ನಗು. ಬೆಳಗ್ಗೆ ಹೇಗಿದೆ ಅಂತ ತಿಳಿಸ್ತೇನೆ.

ಹಿತ್ತಲಗಿಡ

ಬಂತು!! ರಾತ್ರಿ ಯಾವಾಗಲೋ ಹಾಕಿದೆ. ಚಿಪ್ಪೇ ಇಲ್ಲ, ಪೊರೆ ಮಾತ್ರ, ಒಂದು ತುದಿಯಲ್ಲಿ ಮರಳು ಕಾಗದದ ಹಾಗೆ ಒರಟಾಗಿದೆ. ಪೊರೆ ಹರಿದಿಲ್ಲ, ಪೂರ್ತಿಯಾಗಿ ಬಂದಿದೆ. ಕೋಳಿ ಎದ್ದು ಹಿಕ್ಕೆ ಹಾಕಿ, ನುಚ್ಚಿಗೆ ಬಾಯಿ ಹಾಕಿತು. ಕಾಲು ಇನ್ನೂ ಸ್ವಲ್ಪ ಎಳೀತಿದೆ. ಸರ್, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ರಾಗಿ ಹಾಕ್ತಿದ್ದೀವಲ್ಲ, ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ ಅಂತಾರಲ್ಲ? ಆದರೂ ಕೊರತೆ ಹೇಗೆ?

ಹೆಬ್ಬಾಳದ ಹಳಬ

ಸಂತೋಷ. ಕಾಲು ಒಂದೆರಡು ದಿನದಲ್ಲಿ ಸರಿಹೋಗಬೇಕು. ಮಾತ್ರೆ ಇನ್ನು ಮೂರು ನಾಲ್ಕು ದಿನ, ದಿನಕ್ಕೊಂದು, ಆಮೇಲೆ ನಿಲ್ಲಿಸಿ. ಕ್ಯಾಲ್ಸಿಯಂ ಒಳ್ಳೆಯದು ಅಂತ ತಿಂಗಳುಗಟ್ಟಲೆ ಮಾತ್ರೆ ಕೊಟ್ಟರೆ ಮೂತ್ರಪಿಂಡ ಕೆಡುತ್ತೆ.

ರಾಗಿ ಪ್ರಶ್ನೆ ಚೆನ್ನಾಗಿದೆ, ಲೆಕ್ಕ ಹಾಕೋಣ. ಒಂದು ಮೊಟ್ಟೆಯ ಚಿಪ್ಪು ಸುಮಾರು 5-6 ಗ್ರಾಂ, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಶುದ್ಧ ಕ್ಯಾಲ್ಸಿಯಂ 2 ಗ್ರಾಂ ಚಿಲ್ಲರೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಆದ್ದರಿಂದ ಮೊಟ್ಟೆ ಇಡುವ ದಿನ ಮೇವಿನಲ್ಲಿ ಮೂರೂವರೆ ನಾಲ್ಕು ಗ್ರಾಂ ಇರಬೇಕು. ಕೋಳಿ ದಿನಕ್ಕೆ ತಿನ್ನುವುದು ಹೆಚ್ಚುಕಮ್ಮಿ 100-110 ಗ್ರಾಂ. ಮೊಟ್ಟೆಕೋಳಿ ಫೀಡಿನಲ್ಲಿ ಕ್ಯಾಲ್ಸಿಯಂ 3.5ರಿಂದ 4 ಪರ್ಸೆಂಟ್ ಇಡುವುದು ಇದೇ ಲೆಕ್ಕಕ್ಕೆ. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ. ಮನುಷ್ಯನಿಗೆ ಅದು ದೊಡ್ಡ ಮೊತ್ತ, ಮೊಟ್ಟೆ ಇಡುವ ಹೇಂಟೆಗೆ ಹತ್ತರಲ್ಲಿ ಒಂದು ಪಾಲು. ಅಕ್ಕಿ ನುಚ್ಚಿನಲ್ಲಿ ಅದೂ ಇಲ್ಲ. ಬ್ರಾಯ್ಲರ್ ಫೀಡು ಮಾಂಸ ಕೂಡಿಸಲು ಮಾಡಿದ್ದು, ಕ್ಯಾಲ್ಸಿಯಂ ಒಂದು ಪರ್ಸೆಂಟಿನ ಆಸುಪಾಸು. ಉಳಿದದ್ದನ್ನು ಕೋಳಿ ತನ್ನ ಮೂಳೆಯಿಂದ ಕರಗಿಸಿ ಕೊಡ್ತಾ ಬಂದಿದೆ. ಜೊತೆಗೆ ನಿಮ್ಮ ಮಳೆಗಾಲ. ಕೋಳಿ ಡಿ3 ತಯಾರಿಸಿಕೊಳ್ಳುವುದು ಪುಕ್ಕ ಇಲ್ಲದ ಕಾಲಿನ ಚರ್ಮಕ್ಕೆ ಬಿಸಿಲು ಬಿದ್ದಾಗ. ಬಿಸಿಲಿಲ್ಲ ಅಂದರೆ ತಿಂದ ಕ್ಯಾಲ್ಸಿಯಂ ಹೀರಿಕೊಳ್ಳುವುದೂ ಕಡಿಮೆ.

ನಾಟಿಗಳು ಚೆನ್ನಾಗಿವೆ ಅಂದಿರಿ, ಅದಕ್ಕೂ ಇದೇ ಉತ್ತರ. ಅವು ಇಡುವುದೇ ಕಡಿಮೆ, ಒಂದು ಸರದಿ ಇಟ್ಟು ಕಾವಿಗೆ ಕೂತುಬಿಡ್ತವೆ, ಮೂಳೆ ಮತ್ತೆ ತುಂಬಿಕೊಳ್ಳಲು ಸಮಯ ಸಿಗುತ್ತೆ. ಗಿರಿರಾಜ, ಸ್ವರ್ಣಧಾರ ನಮ್ಮ ಹೆಬ್ಬಾಳದ ತಳಿಗಳು. ಹಿತ್ತಲಲ್ಲಿ ಸಾಕಲೆಂದೇ ಮಾಡಿದವು ನಿಜ, ಆದರೆ ನಾಟಿಗಿಂತ ಬಹಳ ಹೆಚ್ಚು ಮೊಟ್ಟೆ ಕೊಡ್ತವೆ. ಹೆಚ್ಚು ಕೇಳಿದರೆ ಹೆಚ್ಚು ಕೊಡಲೇಬೇಕು.

ಸೋಮಾರಿ ರೈತ

ನಮ್ಮವ್ವ ಎಲೆಅಡಿಕೆ ಸುಣ್ಣ ಒಂಚೂರು ಮುದ್ದೆ ಒಳಗಿಟ್ಟು ಕೋಳಿಗೆ ಹಾಕೋಳು. ಅದು ಸರೀನಾ ಡಾಕ್ಟ್ರೇ? ತಮಾಷೆಗಲ್ಲ, ನಿಜವಾಗ್ಲೂ ಕೇಳ್ತಾ ಇವ್ನಿ.

ಹೆಬ್ಬಾಳದ ಹಳಬ

ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ಅಂತ ನಿಮ್ಮ ತಾಯಿಗೆ ಗೊತ್ತಿತ್ತು ನೋಡಿ. ಆದರೆ ನೆನೆಸಿದ ಸುಣ್ಣ ಸುಡುವ ವಸ್ತು, ಅನ್ನನಾಳಕ್ಕೆ ಹುಣ್ಣು ಮಾಡುತ್ತೆ. ಉಂಡೆಯಾಗಿ ಕೊಡಬೇಡಿ. ಕೆಲವರು ತಿಳಿಸುಣ್ಣದ ನೀರು ಕುಡಿಸ್ತಾರೆ. ಅದು ಸುಡುವಷ್ಟಿಲ್ಲ, ಆದರೆ ಲೀಟರ್ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಒಂದು ಗ್ರಾಂ ಕೂಡ ಇಲ್ಲ, ಕೋಳಿ ಕುಡಿಯುವುದು ಕಾಲು ಲೀಟರ್. ಮನಸ್ಸಿನ ಸಮಾಧಾನಕ್ಕೆ ಸರಿ.

ಬೇಕಾದದ್ದು ಸುಣ್ಣದಕಲ್ಲಿನ ಚೂರು ಅಥವಾ ಕಪ್ಪೆಚಿಪ್ಪು. ಪುಡಿಯಲ್ಲ, ಚೂರು. ಜೋಳದ ಕಾಳಿಗಿಂತ ಚಿಕ್ಕದಾಗಿ, 2ರಿಂದ 4 ಮಿಲಿಮೀಟರ್. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತೆ, ಆಗ ಕೋಳಿ ಏನೂ ತಿನ್ನುತ್ತಿರುವುದಿಲ್ಲ. ಸಂಜೆ ತಿಂದ ದಪ್ಪ ಚೂರು ಹೊಟ್ಟೆಯಲ್ಲಿ ನಿಂತು ರಾತ್ರಿಯಿಡೀ ಕರಗುತ್ತಾ ಹೋಗುತ್ತೆ. ನುಣ್ಣನೆ ಪುಡಿ ಬೇಗ ದಾಟಿಬಿಡುತ್ತೆ. ಬೇರೆ ಪಾತ್ರೆಯಲ್ಲಿಟ್ಟರೆ ಸಾಕು, ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತೆ, ಹುಂಜ, ಮರಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ಮೇವಿಗೇ ಬೆರೆಸಿದರೆ ಮರಿಗಳೂ ತಿಂದು ಮೂತ್ರಪಿಂಡ ಕೆಡಿಸಿಕೊಳ್ತವೆ. ಮನೆಯ ಮೊಟ್ಟೆಚಿಪ್ಪನ್ನೂ ಒಣಗಿಸಿ, ಬಾಣಲೆಯಲ್ಲಿ ಬಿಸಿ ಮಾಡಿ, ಮುರಿದು ಹಾಕಬಹುದು. ಗುರುತು ಸಿಗದಷ್ಟು ಮುರಿಯಿರಿ, ಇಲ್ಲವಾದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಕಲಿಯುತ್ತವೆ.

ಬಿಸಿಲೂರು (ರಾಯಚೂರು)

ಡಾಕ್ಟರ್ ಸಾಹೇಬ್ರ, ನಮ್ಮ ಕಡೆ ಬಿಸಲಿಗೇನ್ ಕಮ್ಮಿ ಇಲ್ರಿ, ಲೇಯರ್ ಫೀಡೂ ಹಾಕತೀವಿ, ಚಿಪ್ಪೂ ಇಟ್ಟೀವಿ. ಆದ್ರೂ ಏಪ್ರಿಲ್ ಮೇ ಬಂತಂದ್ರ ತತ್ತಿ ತೊಗಲಿನಂಗ ಆಗತಾವು. ಬುಟ್ಟಿ ಒಳಗs ಒಡದು ಹೋಗತಾವು. ಇದ್ಯಾಕ್ರಿ?

ಹೆಬ್ಬಾಳದ ಹಳಬ

ನಿಮ್ಮದು ಮೇವಿನ ಸಮಸ್ಯೆ ಅಲ್ಲ, ಉಸಿರಿನ ಸಮಸ್ಯೆ. ಕೋಳಿಗೆ ಬೆವರು ಗ್ರಂಥಿ ಇಲ್ಲ, ಬಾಯಿ ತೆರೆದು ತೇಕಿ ಮೈ ತಂಪು ಮಾಡಿಕೊಳ್ಳುತ್ತೆ. ಹಾಗೆ ತೇಕುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತೆ. ಚಿಪ್ಪಿನ ಕಾರ್ಬೊನೇಟ್ ಆಗುವುದು ಅದರಿಂದಲೇ. ಕ್ಯಾಲ್ಸಿಯಂ ಎಷ್ಟಿದ್ದರೂ ಜೊತೆಗೆ ಕೂಡಬೇಕಾದ್ದು ಇಲ್ಲ. ಸೆಕೆಗೆ ಮೇವು ತಿನ್ನುವುದೂ ಕಡಿಮೆ. ಮೇವನ್ನು ನಸುಕಿನಲ್ಲಿ ಮತ್ತು ಸಂಜೆ ಬಿಸಿಲು ಇಳಿದ ಮೇಲೆ ಹಾಕಿ, ನಡುಹಗಲು ಬೇಡ. ಮಣ್ಣಿನ ಮಡಕೆಯಲ್ಲಿ ತಣ್ಣೀರು, ಶೀಟಿನ ಗೂಡಾದರೆ ಮೇಲೆ ಜೋಳದ ದಂಟು ಹೊದಿಸಿ ನೀರು ಚಿಮುಕಿಸಿ.

ಬಿಸಿಲೂರು

ದಂಟು ಅಂತೂ ಬೇಕಾದಷ್ಟ ಅದಾವ್ರಿ. ಮಾಡತೀನಿ.

ತಾರಸಿ ತೋಟ (ಬೆಂಗಳೂರು)

ಇದೇ ಚರ್ಚೆಯಲ್ಲಿ ಕೇಳಬಹುದಾ? ನಮ್ಮ ತಾರಸಿಯ ಕಂದು ಹೈಬ್ರಿಡ್ ಹೇಂಟೆಗೆ ಮೂರು ವರ್ಷ ದಾಟಿದೆ. ಮೊಟ್ಟೆ ನಿಂತು ಕೆಲವು ತಿಂಗಳಾಯ್ತು. ಹೊಟ್ಟೆ ದಪ್ಪಗಾಗಿ ನೀರು ತುಂಬಿದ ಬಲೂನಿನ ಹಾಗೆ ಆಡುತ್ತೆ, ಕಾಲು ಅಗಲಿಸಿ ನಡೆಯುತ್ತೆ, ಉಸಿರು ಜೋರು. ಇಲ್ಲಿ ಓದಿ ಬಿಸಿನೀರಲ್ಲಿ ಕೂರಿಸೋಣ ಅಂತಿದ್ದೇನೆ.

ಹೆಬ್ಬಾಳದ ಹಳಬ

ಬೇಡಮ್ಮ, ಇದು ಬೇರೆ ಕಾಯಿಲೆ. ತಿಂಗಳುಗಟ್ಟಲೆ ನಿಧಾನವಾಗಿ ಹೊಟ್ಟೆ ಬೆಳೆದಿದ್ದರೆ ಅದು ಸಿಕ್ಕಿಕೊಂಡ ಮೊಟ್ಟೆ ಅಲ್ಲ. ಭಂಡಾರ ನಾಳಕ್ಕೆ ಬೀಳದೆ ಹೊಟ್ಟೆಯೊಳಗೇ ಬಿದ್ದು ಸೋಂಕಾಗಿರಬಹುದು, ನಾಳದ ಉರಿಯೂತ ಇರಬಹುದು, ಗಡ್ಡೆಯೂ ಇರಬಹುದು. ಎರಡು ಮೂರು ವರ್ಷ ಸತತ ಮೊಟ್ಟೆ ಇಟ್ಟ ಹೈಬ್ರಿಡ್‌ಗಳಲ್ಲಿ ಅಂಡಾಶಯದ ಕ್ಯಾನ್ಸರ್ ಎಷ್ಟು ಸಾಮಾನ್ಯ ಅಂದರೆ, ಮನುಷ್ಯರ ಅದೇ ಕ್ಯಾನ್ಸರ್ ಅಧ್ಯಯನಕ್ಕೆ ವಿಜ್ಞಾನಿಗಳು ಹೇಂಟೆಯನ್ನೇ ಮಾದರಿಯಾಗಿ ಬಳಸ್ತಾರೆ. ಮಧ್ಯೆ ಯಾವಾಗಲಾದರೂ ರಬ್ಬರಿನಂಥ, ಪದರ ಪದರವಾದ, ನಾತ ಬರುವ ಉಂಡೆ ಹಾಕಿತ್ತಾ? ಹಾಕಿದ್ದರೆ ನಾಳದ ಸೋಂಕಿನ ಗುರುತು.

ನಿಮಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹತ್ತಿರ, ತೋರಿಸಿ. ವೈದ್ಯರು ಸೂಜಿ ಹಾಕಿ ದ್ರವ ತೆಗೆದರೆ ಉಸಿರು ಹಗುರಾಗುತ್ತೆ, ಆದರೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ನೇರ ಹೇಳ್ತೇನೆ, ಬೇಸರ ಮಾಡ್ಕೋಬೇಡಿ: ಇಂಥ ಕೋಳಿ ಬಹಳ ಕಾಲ ಬಾಳುವುದಿಲ್ಲ. ತಿನ್ನುತ್ತಾ ಓಡಾಡುತ್ತಾ ಇರುವಷ್ಟು ದಿನ ಇರಲಿ. ಉಸಿರಿಗೆ ಒದ್ದಾಡಲು ಶುರುವಾದರೆ ನರಳಿಸಬೇಡಿ, ವೈದ್ಯರ ಕೈಯಲ್ಲಿ ನೋವಿಲ್ಲದೆ ಮುಗಿಸಿಬಿಡಿ.

ತಾರಸಿ ತೋಟ

ಆ ರಬ್ಬರ್ ಉಂಡೆ ಹಾಕಿತ್ತು ಸರ್, ಯುಗಾದಿ ಸುಮಾರಿಗೆ. ಏನೋ ತಿಂದಿರಬೇಕು ಅಂದುಕೊಂಡಿದ್ವಿ. ಸೋಮವಾರ ಕರೆದುಕೊಂಡು ಹೋಗ್ತೇನೆ.

ಮೂರು ಹುಂಜ

ಇಂಜೆಕ್ಷನ್ ಮಾತು ವಾಪಸ್ ತಗೊಂಡೆ ಸಾರ್. ಈಗ ನಂದೊಂದು. ಹೊಸದಾಗಿ ಇಡ್ತಿರೋ ಹೇಂಟೆ, ಮೊಟ್ಟೆ ಇಟ್ಟ ಮೇಲೆ ಹಿಂದೆ ಕೆಂಪಗೆ ಮಾಂಸ ಈಚೆ ಬಂದೈತೆ, ಒಳಕ್ಕೆ ಹೋಗ್ತಾ ಇಲ್ಲ. ಮಿಕ್ಕ ಕೋಳಿಗಳು ಅದನ್ನೇ ಕುಕ್ಕೋಕೆ ಬತ್ತವೆ. ಗೂಡಲ್ಲಿ ಬಲ್ಬು ರಾತ್ರಿಯೆಲ್ಲಾ ಉರೀತದೆ, ಹಾವಿನ ಭಯಕ್ಕೆ.

ಹೆಬ್ಬಾಳದ ಹಳಬ

ಈ ಕ್ಷಣವೇ ಬೇರೆ ಮಾಡಿ. ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ, ಕರುಳೇ ಎಳೆದು ಹಾಕ್ತವೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆಯಿರಿ. ಊದಿದ್ದರೆ ಅದರ ಮೇಲೆ ಸಕ್ಕರೆ ಅಥವಾ ಜೇನುತುಪ್ಪ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಊತದ ನೀರು ಎಳೆದು ಕುಗ್ಗುತ್ತೆ. ತೊಳೆದು, ಕೈಗೆ ಎಣ್ಣೆ ಹಚ್ಚಿಕೊಂಡು ಮೆಲ್ಲಗೆ ಒಳಗೆ ತಳ್ಳಿ, ಒಂದೆರಡು ನಿಮಿಷ ಅಂಗೈ ಒತ್ತಿ ಹಿಡಿದಿರಿ. ಕಪ್ಪಗಾಗಿದ್ದರೆ, ಹರಿದಿದ್ದರೆ ಕೈ ಹಾಕಬೇಡಿ, ವೈದ್ಯರ ಹತ್ತಿರ ಹೋಗಿ.

ಬಲ್ಬು ಆರಿಸಿ. ಅರ್ಧ ಕಾರಣ ಅದೇ ಅಂತ ನನ್ನ ಊಹೆ. ಬೆಳಕು ಹೆಚ್ಚಾದಷ್ಟೂ ಮೊಟ್ಟೆ ಇಡುವ ಹಾರ್ಮೋನು ಏರುತ್ತೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆಯ ಆಸುಪಾಸು, ಫಾರಂಗಳಲ್ಲಿ ದೀಪ ಹಾಕಿ 16 ಗಂಟೆಗೆ ಏರಿಸುವುದೂ ಮೊಟ್ಟೆ ಶುರುವಾದ ಮೇಲೆ, ಹಂತಹಂತವಾಗಿ. ಎಳೇ ಹೇಂಟೆಗೆ ರಾತ್ರಿಯಿಡೀ ಬೆಳಕು ಕೊಟ್ಟರೆ ಮೈ ಬಲಿಯುವ ಮುಂಚೆ ಮೊಟ್ಟೆ ಶುರುವಾಗುತ್ತೆ, ಸೊಂಟದ ಮೂಳೆ ಅಗಲವಾಗಿರುವುದಿಲ್ಲ, ನಾಳ ಹೀಗೆ ಹೊರಗೆ ಬರುತ್ತೆ. ಈ ಹೇಂಟೆಯನ್ನು ಕೆಲವು ದಿನ ಕತ್ತಲಲ್ಲಿ, ದಿನಕ್ಕೆ 8-10 ಗಂಟೆಯಷ್ಟೇ ಬೆಳಕಿನಲ್ಲಿ ಇಡಿ, ಮೊಟ್ಟೆ ನಿಲ್ಲಲಿ, ನಾಳಕ್ಕೆ ವಿಶ್ರಾಂತಿ ಸಿಗಲಿ. ಹಾವಿಗೆ ಬಲ್ಬಿಗಿಂತ ಸಣ್ಣ ಕಣ್ಣಿನ ಜಾಲರಿ ಒಳ್ಳೆಯದು.

ಸೋಮಾರಿ ರೈತ

ಡಾಕ್ಟ್ರು ಸಿಕ್ಕಾಗಲೇ ಕೇಳ್ಬುಡ್ತೀನಿ. ನಮ್ ಹಟ್ಟೀಲಿ ಒಂದು ಯಾಟೆ ಮೊಟ್ಟೆ ಬುಟ್ಟು ಹುಂಜದಂಗೆ ಕೂಗ್ತದೆ, ಜುಟ್ಟೂ ದೊಡ್ಡದಾಗೈತೆ. ಮನೆಗೆ ಕೇಡು ಅಂತ ಕುಯ್ಯೋಕೆ ಹೊರಟವ್ರೆ.

ಹೆಬ್ಬಾಳದ ಹಳಬ

ಕೇಡು ಆಗಿರುವುದು ಅದರ ಅಂಡಾಶಯಕ್ಕೆ, ನಿಮ್ಮ ಮನೆಗಲ್ಲ. ಎಡ ಅಂಡಾಶಯ ಸೋಂಕಿನಿಂದಲೋ ಗಡ್ಡೆಯಿಂದಲೋ ಹಾಳಾದರೆ ಹೆಣ್ಣು ಹಾರ್ಮೋನು ಕುಸಿಯುತ್ತೆ. ಆಗ ಮಲಗಿದ್ದ ಬಲಗಡೆಯ ಗ್ರಂಥಿ ಗಂಡಿನ ರೀತಿ ಬೆಳೆಯಬಹುದು. ಕೂಗುತ್ತೆ, ಜುಟ್ಟು ಬೆಳೆಯುತ್ತೆ, ಕೆಲವು ಹೇಂಟೆ ಹತ್ತಲೂ ನೋಡ್ತವೆ. ಮೊಟ್ಟೆಯ ಆಸೆ ಬಿಡಿ.

ಒಂದು ಎಚ್ಚರಿಕೆ ಎಲ್ಲರಿಗೂ. ಇಲ್ಲಿ ಮಾತಾಡಿದ್ದೆಲ್ಲ ಒಂದೊಂದು ಕೋಳಿಯ ವಿಷಯ. ಗೂಡಿನ ಹೆಚ್ಚಿನ ಕೋಳಿಗಳು ಒಟ್ಟಿಗೆ ಮೊಟ್ಟೆ ನಿಲ್ಲಿಸಿದರೆ, ಚಿಪ್ಪಿಲ್ಲದ್ದು, ಸುಕ್ಕು ಬಿದ್ದದ್ದು ಇಡಲು ಶುರು ಮಾಡಿದರೆ ಬಿಸಿನೀರು, ಮಾತ್ರೆ ಅಂತ ಕೂರಬೇಡಿ. ಕೊಕ್ಕರೆ ರೋಗ ಅಂತೀವಲ್ಲ ರಾಣಿಖೇತ್, ಸಾಂಕ್ರಾಮಿಕ ಬ್ರಾಂಕೈಟಿಸ್, ಬಾತುಕೋಳಿಗಳಿಂದಲೂ ಬರುವ ಎಗ್ ಡ್ರಾಪ್ ಸಿಂಡ್ರೋಮ್, ಇವೆಲ್ಲ ವೈರಸ್ಸು. ಜೊತೆಗೆ ಸಾವೂ ಶುರುವಾದರೆ ಸತ್ತದ್ದನ್ನು ಕೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ಬಂದದ್ದು ನೆನಪಿರಲಿ.

ಹಿತ್ತಲಗಿಡ

ಕಾಲು ಸರಿಹೋಯ್ತು. ನಿನ್ನೆ ಗಟ್ಟಿ ಚಿಪ್ಪಿನ ಮೊಟ್ಟೆ ಇಟ್ಟಿದೆ, ಇನ್ನೂ ಸ್ವಲ್ಪ ತೆಳು. ನಾವು ನಾಲ್ಕು ಮನೆಯವರು ಸೇರಿ ಶಿವಮೊಗ್ಗದಿಂದ ಒಂದು ಚೀಲ ಲೇಯರ್ ಫೀಡ್ ತರಿಸ್ತಿದ್ದೇವೆ. ಮಾತ್ರೆ ಕೊಡುವ ದಿನಗಳ ಮೊಟ್ಟೆ ತಿನ್ನಬಹುದಾ?

ಹೆಬ್ಬಾಳದ ಹಳಬ

ಕ್ಯಾಲ್ಸಿಯಂ ಮಾತ್ರೆಯ ಮೊಟ್ಟೆ ಧಾರಾಳವಾಗಿ ತಿನ್ನಿ. ಆ ಚಿಪ್ಪಿಲ್ಲದ್ದನ್ನು ಮಾತ್ರ ಎಸೆಯಿರಿ, ಪೊರೆಯಿಂದ ಸೂಕ್ಷ್ಮಾಣು ಒಳಗೆ ಹೋಗಿರುತ್ತೆ. ಆಂಟಿಬಯೋಟಿಕ್ ಕೊಟ್ಟಿದ್ದರೆ ಲೆಕ್ಕ ಬೇರೆ. ಎಷ್ಟು ದಿನದ ಮೊಟ್ಟೆ ಬಿಡಬೇಕು ಅಂತ ಬರೆದುಕೊಟ್ಟ ವೈದ್ಯರನ್ನೇ ಕೇಳಿ, ಅಲ್ಲೀವರೆಗಿನದ್ದನ್ನು ಹೂತುಹಾಕಿ. ನಾಯಿಗೂ ಬೇಡ, ಮಾರುವುದಂತೂ ಬೇಡ. ತಾರಸಿ ತೋಟದವರೂ ಗಮನಿಸಿ, ಕೋಳಿ ಕೊಯ್ದು ತಿನ್ನುವುದಕ್ಕೂ ಇದೇ ನಿಯಮ.

ಕಡಲತಡಿ

ಹಿತ್ತಲಗಿಡ ಅಕ್ಕ, ಕಪ್ಪೆಚಿಪ್ಪಿಗೆ ದುಡ್ಡು ಕೊಡಬೇಡಿ. ಇಲ್ಲಿ ಮರುವಾಯಿ ತಿಂದ ಮನೆಗಳ ಹಿತ್ತಲಲ್ಲಿ ಚಿಪ್ಪು ರಾಶಿ ಬಿದ್ದುಂಟು. ಉಪ್ಪು ಹೋಗುವ ಹಾಗೆ ಎರಡು ಸಲ ತೊಳೆದು, ಒಣಗಿಸಿ, ಗೋಣಿಯಲ್ಲಿ ಹಾಕಿ ಬಡಿದರೆ ಆಯಿತು. ಶನಿವಾರ ನಮ್ಮ ಭಾವ ಆಗುಂಬೆ ಘಾಟಿ ಮೇಲೆ ಬರುವವರಿದ್ದಾರೆ, ಅವರ ಹತ್ತಿರ ಒಂದು ಚೀಲ ಕಳಿಸ್ತೇನೆ. ಎಲ್ಲಿ ಇಳಿಸಬೇಕು ಅಂತ ಖಾಸಗಿ ಸಂದೇಶದಲ್ಲಿ ತಿಳಿಸಿ. ಬರುವಾಗ ನಾಟಿ ಹುಂಜದ ಮರಿ ಒಂದು ಕೊಟ್ಟು ಕಳಿಸಿದರೆ ಬೇಡ ಅನ್ನುವುದಿಲ್ಲ.

ಸೋಮಾರಿ ರೈತ

ಮಂಡ್ಯಕ್ಕೂ ಒಂದು ಚೀಲ.